ತೊಳೆಯದ ಕಲ್ಲುಗಳು

ಚಳಿಗಾಲ ಶುರುವಾಗಿ ಎರಡು ವಾರವಾಗಿತ್ತು. ಮಧ್ಯಾಹ್ನ ಮೂರೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಸೊಸೆ ಒದ್ದೆ ಹೊದಿಕೆಗಳ ಮೂಟೆಯನ್ನು ಬಲ ಹೆಗಲಿಗೆ ಏರಿಸಿಕೊಂಡು ಎದ್ದಳು. ಎರಡು ಹೆಜ್ಜೆ ಇಟ್ಟು ಕುಸಿದು ಕೂತಳು. ಮೂಟೆ ಬಿಚ್ಚಿಕೊಂಡು ನೆಲದ ತುಂಬ ಹರಡಿತು. ಉಂಡದ್ದೆಲ್ಲ ಅದರ ಮೇಲೇ ಬಂತು. ಎಣ್ಣೆ ತೇಲುವ ಹಳದಿ ನೀರು, ಅಗಿಯಲು ಹೊತ್ತಿಲ್ಲದೆ ನುಂಗಿದ ಕರಿದ ಚೂರುಗಳು.

ಎರಡನೇ ಮಹಡಿಯಲ್ಲಿ ಆಪರೇಷನ್ ಥಿಯೇಟರಿನ ನೆಲ ಒರೆಸುತ್ತಿದ್ದ ಅತ್ತೆಗೆ ಸುದ್ದಿ ಹೋಯಿತು. ಒಗೆದ ಬಟ್ಟೆಯೋ ಒಗೆಯುವ ಬಟ್ಟೆಯೋ ಎಂದು ಅತ್ತೆ ಮೊದಲು ಕೇಳಿದಳು. ಒಗೆದದ್ದು ಎಂದರು. ಹಾಗಾದರೆ ಇನ್ನೊಂದು ಸಲ ಒಗೀಬೇಕಲ್ಲ ಎಂದು ಮುಖ ಸಿಂಡರಿಸಿ ಅತ್ತೆ ಮತ್ತೆ ನೆಲಕ್ಕೆ ಬಗ್ಗಿದಳು. ಆ ಮಾತು ಅವಳ ಗಂಟಲಲ್ಲಿ ಇವತ್ತಿಗೂ ಸಿಕ್ಕಿಕೊಂಡಿದೆ.

ಆಸ್ಪತ್ರೆಯಲ್ಲಿ ಅತ್ತೆಯನ್ನು ಎಲ್ಲರೂ ಬೇಸಿನ್ ಅಜ್ಜಿ ಎನ್ನುತ್ತಿದ್ದರು. ಅರವತ್ತಕ್ಕೆ ಎರಡು ಕಡಿಮೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗಿಬಿಡುತ್ತಿತ್ತು. ಆದರೆ ಒಂದು ಸಲ ಕಿವಿಗೆ ಬಿದ್ದದ್ದು ಬಿದ್ದ ಹಾಗೇ ಉಳಿಯುತ್ತಿತ್ತು. ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷ. ನೆತ್ತರು ಒರೆಸುವುದು, ಕೀವಿನ ಹತ್ತಿ ಹೆಕ್ಕುವುದು, ಕತ್ತರಿಸಿ ತೆಗೆದ ತುಂಡುಗಳನ್ನು ಕೆಂಪು ಚೀಲಕ್ಕೆ ತುಂಬುವುದು ಅವಳ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸ ಅವಳ ಪಾಲಿಗೇ ಬಂದಿತ್ತು. ದೊಡ್ಡ ಡಾಕ್ಟರು ಪಿತ್ತಕೋಶ ತೆಗೆದ ಮೇಲೆ ಅದನ್ನು ಸೀಳಿ ಒಳಗಿನ ಕಲ್ಲುಗಳನ್ನು ಸ್ಟೀಲಿನ ಬೇಸಿನ್ನಿಗೆ ಸುರಿಯುತ್ತಿದ್ದರು. ಅಜ್ಜಿ ಅದನ್ನು ಕೊಳಾಯಿ ಕೆಳಗೆ ಹಿಡಿದು, ಹಸಿರು ಲೋಳೆ ಹೋಗುವ ತನಕ ಬೆರಳಲ್ಲಿ ಆಡಿಸಿ ತೊಳೆದು, ಒರೆಸಿ, ಸಣ್ಣ ಬಾಟಲಿಗೆ ಹಾಕಿ ಹೊರಗೆ ಕಾಯುತ್ತಿದ್ದ ಮನೆಯವರ ಕೈಗೆ ಕೊಡಬೇಕು. ಮನೆಯವರು ಬಾಟಲಿಯನ್ನು ಬೆಳಕಿಗೆ ಹಿಡಿದು ಕುಲುಕಿ ನೋಡುತ್ತಿದ್ದರು. ಅಬ್ಬಾ ಇಷ್ಟೊಂದಾ ಎನ್ನುತ್ತಿದ್ದರು. ಬಾಟಲಿ ಕೊಟ್ಟ ಕೈಯನ್ನು ಯಾರೂ ನೋಡುತ್ತಿರಲಿಲ್ಲ. ಕೆಲವರು ಬಾಟಲಿ ಇಸಿದುಕೊಂಡ ತಮ್ಮ ಕೈಯನ್ನು ಮಾತ್ರ ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದರು.

ಎಂಥೆಂಥ ಕಲ್ಲು ನೋಡಿದ್ದಳು ಅಜ್ಜಿ. ಮೆಣಸಿನ ಕಾಳಿನಂಥವು, ಬಟಾಣಿಯಂಥವು, ಮಕ್ಕಳು ಆಡುವ ಗೋಲಿಯಂಥ ಒಂದೇ ಒಂದು. ಕರಿಯವು, ಮೇಣದ ಬಣ್ಣದವು, ಹಿಸುಕಿದರೆ ಪುಡಿಯಾಗುವಂಥವು. ಅವು ಎಲ್ಲಿಂದ ಬರುತ್ತವೆ, ಬರುವ ಮೊದಲು ಒಡಲಿಗೆ ಏನು ಮಾಡುತ್ತವೆ ಎಂಬುದೂ ಅವಳಿಗೆ ಗೊತ್ತಿತ್ತು. ಬೆಳಗ್ಗೆ ಅವಳು ದೊಡ್ಡ ಡಾಕ್ಟರ ಕೋಣೆಯ ಪರದೆಯ ಹಿಂದೆ ನೆಲ ಒರೆಸುವಾಗ ಅವರು ಬಂದವರಿಗೆಲ್ಲ ಅದೇ ಮಾತನ್ನು ಅದೇ ರಾಗದಲ್ಲಿ ಹೇಳುತ್ತಿದ್ದರು. ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುತ್ತಾ. ಜಿಡ್ಡಿನದು, ಕರಿದದ್ದು ಉಂಡ ಮೇಲೆ ಬರುತ್ತಾ. ಅರ್ಧ ಗಂಟೆಯೋ ಎರಡು ಮೂರು ಗಂಟೆಯೋ ಇದ್ದು ತಾನೇ ಇಳಿಯುತ್ತಾ. ಬೆನ್ನಿಗೆ, ಬಲ ಹೆಗಲಿಗೆ ಎಳೆಯುತ್ತಾ. ಕಲ್ಲಿದ್ದೂ ನೋವಿಲ್ಲದಿದ್ದರೆ ಸುಮ್ಮನಿರಬಹುದು. ನೋವು ಮತ್ತೆ ಮತ್ತೆ ಬಂದರೆ ಪಿತ್ತದ ಚೀಲ ತೆಗೆಸುವುದೇ ಒಳ್ಳೆಯದು. ಆಮೇಲೆ ದನಿ ಇಳಿಸಿ, ಬೆರಳು ಎತ್ತಿ, ಕೊನೆಯ ಮಾತು. ನೋವು ಐದಾರು ಗಂಟೆಯಾದರೂ ಬಿಡದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಒಂದಕ್ಕೆ ಹೋದಾಗ ಕಪ್ಪು ಚಹಾ, ಎರಡಕ್ಕೆ ಹೋದಾಗ ಬಿಳಿ ಮಣ್ಣು ಕಂಡರೆ, ನಾಳೆ ಅನ್ನಬೇಡಿ. ಅವತ್ತೇ ಬನ್ನಿ.

ಇಷ್ಟೆಲ್ಲ ಬಾಯಿಪಾಠ ಇದ್ದ ಹೆಂಗಸಿಗೆ ಮನೆಯ ಸೊಸೆಯ ಹೊಟ್ಟೆನೋವು ಏನೆಂದು ಹೊಳೆಯಲಿಲ್ಲ. ಏಕೆಂದರೆ ಹತ್ತೊಂಬತ್ತು ವರ್ಷದಲ್ಲಿ ಅವಳು ತೊಳೆದ ಕಲ್ಲುಗಳೆಲ್ಲ ಮೇಲಿನವರ ಕಲ್ಲುಗಳು. ಲಿಫ್ಟಿನಲ್ಲಿ ಬಂದು ಲಿಫ್ಟಿನಲ್ಲಿ ಹೋಗುವವರ ಕಲ್ಲುಗಳು. ಹಿಂಬದಿಯ ಮೆಟ್ಟಿಲು ಹತ್ತಿಳಿಯುವ ಕೆಲಸದವರ ಒಡಲಿಂದ ಒಂದೇ ಒಂದು ಕಲ್ಲೂ ಅವಳ ಬೇಸಿನ್ನಿಗೆ ಬಿದ್ದಿರಲಿಲ್ಲ. ಹಾಗಾಗಿ ಇದು ಚೆನ್ನಾಗಿ ಉಂಡು ಕೂರುವವರ ಕಾಯಿಲೆ, ನಮ್ಮಂಥವರಿಗೆ ಬರುವುದು ಗ್ಯಾಸು ಎಂದು ನಂಬಿಕೊಂಡಿದ್ದಳು. ನಮ್ಮವರನ್ನು ಆ ಟೇಬಲ್ಲಿಗೆ ಯಾರೂ ಹತ್ತಿಸಿಯೇ ಇಲ್ಲ ಎಂಬುದು ತಲೆಗೆ ಹೋಗಲಿಲ್ಲ.

ಗ್ಯಾಸು ಎಂದು ಹೆಸರಿಟ್ಟವನು ನೆಲಮಾಳಿಗೆಯ ಸೂಪರ್‌ವೈಸರ್. ಒಗೆಯುವ ಕೋಣೆಯ ಏಳು ಹೆಂಗಸರು ಅವನಿಗೆ ಬೆನ್ನ ಹಿಂದೆ ಗುಳಿಗೆಪ್ಪ ಎನ್ನುತ್ತಿದ್ದರು. ಅವನ ಮೇಜಿನ ಮೇಲೆ ಅಗಲ ಬಾಯಿಯ ಗಾಜಿನ ಡಬ್ಬಿ. ಅದರ ತುಂಬ ಗುಲಾಬಿ ಗುಳಿಗೆ. ತಲೆನೋವೆಂದರೂ ಅದೇ, ತಲೆ ಸುತ್ತಿದರೂ ಅದೇ, ಮೈ ಸೊರಗಿದರೂ ಅದೇ. ಕೆಲಸದವರಿಗೆ ಮೈ ಸರಿಯಿಲ್ಲದಿದ್ದರೆ ಮೊದಲು ಅವನ ಹತ್ತಿರ ಹೋಗಬೇಕು. ಅವನು ಚೀಟಿ ಕೊಟ್ಟರೆ ಗುರುವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಬಂದು ಕೂರುವ ಕೆಲಸದವರ ಡಾಕ್ಟರು. ಅವರ ಹತ್ತಿರವೂ ಅದೇ ಗುಳಿಗೆ. ಮೇಲಿನ ಡಾಕ್ಟರನ್ನು ನೇರ ಕಂಡರೆ ಕೆಲಸ ಹೋಯಿತು ಎಂದೇ ಲೆಕ್ಕ.

ಊಟವೂ ಅವನ ಕೈಯಲ್ಲೇ. ಮೇಲಿನ ಕ್ಯಾಂಟೀನು ಎರಡು ಗಂಟೆಗೆ ಬಾಗಿಲು ಹಾಕುತ್ತಿತ್ತು. ಉಳಿದದ್ದು ಕೆಳಗೆ ಬರುತ್ತಿತ್ತು. ಬಾಣಲೆಯ ತಳದಲ್ಲಿ ಉಳಿದ ಕರಿದ ಪುಡಿಚೂರು, ಪಾತ್ರೆಯ ಅಡಿಯಲ್ಲಿ ನಿಂತ ಎಣ್ಣೆ, ಅದರಲ್ಲಿ ಮುಳುಗಿದ ಅನ್ನ. ತಳದ ಊಟ ಎಂದು ಅದಕ್ಕೆ ಹೆಸರು. ಇಪ್ಪತ್ತು ನಿಮಿಷದಲ್ಲಿ, ಸಾಬೂನಿನ ಡ್ರಮ್ಮುಗಳ ನಡುವೆ ನಿಂತುಕೊಂಡೇ ತಿನ್ನಬೇಕು. ಬೆರಳಿಗೆ ಅಂಟಿದ ಜಿಡ್ಡು ಬ್ಲೀಚಿಂಗ್ ನೀರಿಗೆ ಮಾತ್ರ ಹೋಗುತ್ತಿತ್ತು.

ಆ ಚಳಿಗಾಲವಿಡೀ ಸೊಸೆ ಉಂಡು ಒಂದು ಗಂಟೆಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ವಾರಕ್ಕೆ ಒಂದು ಸಲ, ಆಮೇಲೆ ಎರಡು ಸಲ. ಉಣ್ಣದೇ ಇದ್ದ ದಿನ ನೋವಿಲ್ಲ ಎಂದು ಕಂಡುಕೊಂಡು ಮಧ್ಯಾಹ್ನದ ಊಟ ಬಿಟ್ಟಳು. ಬಿಟ್ಟರೆ ಮೂಟೆ ಹೊರಲು ಆಗುತ್ತಿರಲಿಲ್ಲ. ಮತ್ತೆ ಉಂಡಳು. ಮಗ ಲಾರಿ ಓಡಿಸುವವನು, ಮೂರು ವಾರಕ್ಕೊಮ್ಮೆ ಮನೆಗೆ ಬರುವವನು. ಅವನಿಲ್ಲದ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸಂಜೆ ಸೊಸೆ ಗೋಡೆಗೆ ಒರಗಿ ಕೂತರೆ ಅತ್ತೆ ನಾಟಕ ಸಾಕು, ಪಾತ್ರೆ ಯಾರು ತೊಳೀತಾರೆ ಎನ್ನುತ್ತಿದ್ದಳು. ಸೊಸೆ ಎದ್ದು ತೊಳೆಯುತ್ತಿದ್ದಳು.

ಲಕ್ಷಣಗಳು ಒಂದೊಂದಾಗಿ ಬಂದವು. ಬಂದಂತೆಲ್ಲ ಆ ನೆಲಮಾಳಿಗೆ ಅವನ್ನು ನುಂಗಿ ನೀರು ಕುಡಿಯಿತು. ಬಲ ಹೆಗಲು ನೋವು ಎಂದಳು. ಯಾರಿಗಿಲ್ಲ. ಮೆಟ್ಟಿಲಿನ ಎಡಗಡೆ ಕಬ್ಬಿಣದ ಕಂಬಿ. ಅದನ್ನು ಹಿಡಿದು ಹತ್ತಬೇಕಾದ್ದರಿಂದ ಏಳೂ ಹೆಂಗಸರು ಮೂಟೆ ಹೊರುವುದು ಬಲ ಹೆಗಲಲ್ಲೇ. ಮೈ ತುರಿಕೆ ಎಂದಳು. ಬ್ಲೀಚಿಂಗ್ ಪುಡಿ ಕಲಸುವವರು ತುರಿಸಿಕೊಳ್ಳದೆ ಇರುತ್ತಾರೆಯೇ. ಚಳಿ ಎಂದಳು. ಆವಿಯ ಕೋಣೆಯಿಂದ ಒದ್ದೆ ಮೈಯಲ್ಲಿ ಹೊರಗೆ ಬಂದರೆ ಚಳಿಯಲ್ಲದೆ ಇನ್ನೇನು. ಉಚ್ಚೆ ಕಪ್ಪಗೆ ಹೋಗುತ್ತಿದ್ದುದನ್ನು ಅವಳು ಯಾರಿಗೂ ಹೇಳಲೇ ಇಲ್ಲ. ಹೇಳುವಂಥದ್ದೇನೂ ಇರಲಿಲ್ಲ. ಅಲ್ಲಿನ ಕಕ್ಕಸಿಗೆ ಬೀಗ. ಕೀಲಿ ಗುಳಿಗೆಪ್ಪನ ಮೇಜಿನ ಪಕ್ಕದ ಮೊಳೆಯಲ್ಲಿ. ಹೋಗಬೇಕೆಂದರೆ ಅವನ ಎದುರು ನಿಂತು ಕೇಳಬೇಕು. ಅವನು ಗಡಿಯಾರ ನೋಡಿ, ಈಗತಾನೆ ಹೋಗಿದ್ಯಲ್ಲ, ಏನು ಕೆರೆ ಇಟ್ಕೊಂಡಿದ್ದೀಯಾ ಎಂದು ನಗುತ್ತಿದ್ದ. ಅದಕ್ಕೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಏಳು ಜನರದ್ದೂ ಕಪ್ಪು ಚಹಾದ ಬಣ್ಣವೇ.

ಇನ್ನು ಕಣ್ಣು. ನೆಲಮಾಳಿಗೆಯಲ್ಲಿ ಉರಿಯುತ್ತಿದ್ದದ್ದು ಹಳದಿ ಬಲ್ಬು. ಬೆಳಕು ಹರಿಯುವ ಮೊದಲು ಒಳಗೆ ಹೋಗಿ, ಕತ್ತಲಾದ ಮೇಲೆ ಹೊರಗೆ ಬರುವವರು. ಆ ಬೆಳಕಲ್ಲಿ ಎಲ್ಲರೂ ಹಳದಿ.

ಚಳಿಗಾಲ ಮುಗಿಯುತ್ತ ಬಂದ ಒಂದು ಮಂಗಳವಾರ, ಥಿಯೇಟರಿಗೆ ಬಟ್ಟೆ ತರುವವಳು ರಜೆ ಹಾಕಿದ್ದಳು. ಸೊಸೆಯೇ ಮೂಟೆ ಹೊತ್ತು ಹಿಂದಿನ ಮೆಟ್ಟಿಲು ಹತ್ತಿ ಬಂದಳು. ಎರಡನೇ ಮಹಡಿಯ ತಿರುವಿನಲ್ಲಿ ಒಂದು ಕಿಟಕಿ ಇದೆ. ಹೊತ್ತು ಹನ್ನೊಂದು. ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಸೊಸೆ ಮೂಟೆ ಇಳಿಸಿ ಮೆಟ್ಟಿಲ ಮೇಲೆ ಕೂತಿದ್ದಳು. ಬಟ್ಟೆ ಬರಲಿಲ್ಲವೆಂದು ಹುಡುಕಿಕೊಂಡು ಬಂದ ಅಜ್ಜಿ, ಇಲ್ಲಿ ಕೂತ್ರೆ ಮೂಟೆ ತಾನೇ ನಡ್ಕೊಂಡು ಬರುತ್ತಾ ಎಂದು ಬಾಯಿ ತೆಗೆದಳು. ಸೊಸೆ ತಲೆ ಎತ್ತಿದಳು. ಅಜ್ಜಿಯ ಬಾಯಿ ತೆರೆದೇ ಉಳಿಯಿತು.

"ಕಣ್ಣು ಮೇಲೆ ಮಾಡು."

"ಯಾಕತ್ತೆ?"

"ಮಾಡು ಅಂದೆ. ಕಿಟಕಿ ಕಡೆ."

ಅಜ್ಜಿ ಹೆಬ್ಬೆರಳಲ್ಲಿ ಕೆಳರೆಪ್ಪೆ ಎಳೆದು ನೋಡಿದಳು. ಬಿಳಿ ಇರಬೇಕಾದ ಕಡೆ ಹಳದಿ. ಕಲ್ಲು ತೊಳೆದಾಗ ಬೇಸಿನ್ನಿನ ಅಂಚಿಗೆ ಉಳಿಯುವ ಹಳದಿ ಅದು. ಎಷ್ಟು ಸಲ ಅದನ್ನು ಉಗುರಲ್ಲಿ ಕೆರೆದಿದ್ದಳೋ ಲೆಕ್ಕವಿಲ್ಲ. ಪರದೆಯ ಆಚೆಯ ದನಿ ತಲೆಯಲ್ಲಿ ಶುರುವಾಯಿತು. ಅದು ಹೇಳಿಕೊಟ್ಟ ಹಾಗೆ ಅವಳು ಒಂದೊಂದೇ ಕೇಳಿದಳು.

"ಒಂದಕ್ಕೆ ಹೋದ್ರೆ ಯಾವ ಬಣ್ಣ?"

"ಎಲ್ರಿಗೂ ಆಗೋ ಹಾಗೇ ಅತ್ತೆ. ನೀರೆಲ್ಲಿ ಕುಡೀತೀವಿ."

"ಎಲ್ರದ್ದು ಕೇಳ್ಲಿಲ್ಲ. ನಿಂದು."

"ಕಪ್ಪು ಚಹಾ."

"ರಜೆ ದಿನ? ಮನೇಲಿ ನೀರು ಕುಡಿದ ಮೇಲೂ?"

ಸೊಸೆ ಸ್ವಲ್ಪ ಯೋಚಿಸಿ ಹೂಂ ಎಂದಳು.

"ಎರಡಕ್ಕೆ?"

"ಥೂ, ಏನತ್ತೆ ಇದು."

"ಹೇಳು."

"ಬಿಳಿ ಮಣ್ಣು ಕಲಸಿದ ಹಾಗೆ. ಐದಾರು ದಿನ ಆಯ್ತು."

"ನೋವು?"

"ನಿನ್ನೆ ಉಂಡಾಗ ಬಂದದ್ದು ಇನ್ನೂ ಹೋಗಿಲ್ಲ. ಬೆಳಗ್ಗೆ ಹಲ್ಲು ಕಟಕಟ ಅಂತಿತ್ತು, ಹೊದಿಕೆ ಮೇಲೆ ಹೊದಿಕೆ ಹಾಕ್ಕೊಂಡೆ."

"ಇಷ್ಟು ದಿನ ಬಾಯಿಗೆ ಏನಾಗಿತ್ತು ನಿಂಗೆ? ಹೇಳಕ್ಕಾಗ್ತಿರಲಿಲ್ವಾ?"

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು.

"ನಿಮಗೇ ಹೇಳಿದ್ನಲ್ಲ ಅತ್ತೆ. ನಾಟಕ ಅಂದ್ರಿ."

ಅಜ್ಜಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಯಿತು. ಅದನ್ನು ಅಲ್ಲೇ ಉಗಿದುಬಿಡೋಣ ಎನಿಸಿತು. ಮೂಟೆಯನ್ನು ಕಾಲಲ್ಲಿ ಗೋಡೆಗೆ ಸರಿಸಿದಳು. ಸೊಸೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಮೈ ಕುದಿಯುತ್ತಿತ್ತು.

ಹತ್ತೊಂಬತ್ತು ವರ್ಷದ ರೂಢಿ ಕಾಲಿಗೆ ಅಂಟಿಕೊಂಡಿರುತ್ತದೆ. ಮೇಲೆ ಹೋಗಬೇಕಾದವಳು ಕೆಳಗೇ ಹೋದಳು, ಗುಳಿಗೆಪ್ಪನ ಕೋಣೆಗೆ. ಅವನು ಚೀಟಿ ಬರೆಯುವ ಪುಸ್ತಕದ ಮೇಲೆ ಎಡಗೈ ಇಟ್ಟುಕೊಂಡು ಉಗುರು ಕತ್ತರಿಸುತ್ತಿದ್ದ. ಕತ್ತರಿಸಿದ ಉಗುರುಗಳು ಚೀಟಿಯ ಮೇಲೆ ಒಂದು ಕಡೆ ಗುಡ್ಡೆಯಾಗಿದ್ದವು. ಅಜ್ಜಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವನು ಹೆಬ್ಬೆರಳಿನ ಉಗುರು ಮುಗಿಯುವ ತನಕ ತಲೆ ಎತ್ತಲಿಲ್ಲ. ಆಮೇಲೆ ಸೊಸೆಯನ್ನು ನೋಡಿ ಕುರ್ಚಿಯನ್ನು ಒಂದು ಗೇಣು ಹಿಂದೆ ಎಳೆದುಕೊಂಡ. ಬಾಗಿಲ ಹೊರಗೆ ನಿಲ್ಲಿಸು, ಏನು ಅಂಟು ಜಾಡ್ಯವೋ ಎಂದ.

"ಥಿಯೇಟರಲ್ಲಿ ನೆಲ ಒರೆಸಿ ಒರೆಸಿ ಅರ್ಧ ಡಾಕ್ಟರ್ ಆಗ್ಬಿಟ್ಟಿದ್ದೀಯಲ್ಲ ಅಜ್ಜಿ. ಗ್ಯಾಸು ಅದು. ಎಣ್ಣೆ ಊಟ ನೋಡಿದ್ರೆ ಇವರಿಗೆ ಕೈ ನಿಲ್ಲಲ್ಲ. ಗುರುವಾರಕ್ಕೆ ಚೀಟಿ ಬರ್ದುಕೊಡ್ತೀನಿ."

ಅದೇ ಬೆರಳುಗಳನ್ನು ಡಬ್ಬಿಗೆ ಹಾಕಿ ಎರಡು ಗುಲಾಬಿ ಗುಳಿಗೆ ತೆಗೆದು ಮುಂದೆ ಚಾಚಿದ. ಒಂದಕ್ಕೆ ಉಗುರಿನ ಚೂರು ಅಂಟಿತ್ತು.

ಅಜ್ಜಿ ಅದನ್ನು ನೋಡುತ್ತ ನಿಂತಳು. ಆವತ್ತಿನ ತನಕ ಅವಳು ಕೀವಿಗೆ ಮೂಗು ಮುಚ್ಚಿದವಳಲ್ಲ. ಮಲದ ಬಟ್ಟೆಯನ್ನು ಬರಿಗೈಯಲ್ಲಿ ಎತ್ತಿದವಳು. ಈಗ ಎರಡು ಗುಳಿಗೆ ಕಂಡು ಮುಖ ಹಿಂದಕ್ಕೆ ಎಳೆದುಕೊಂಡಳು. ಸೊಸೆಯೂ ಎಷ್ಟು ನುಂಗಿದ್ದಳು ಅದನ್ನು. ಏಳು ಹೆಂಗಸರೂ ಎಷ್ಟು ನುಂಗಿದ್ದರು. ಗುಳಿಗೆಗಳನ್ನು ಇಸಿದುಕೊಂಡು ಅವನ ಉಗುರಿನ ಗುಡ್ಡೆಯ ಮೇಲೆ ಇಟ್ಟಳು.

"ಗುರುವಾರದ ತನಕ ಇವಳು ಇರಲ್ಲ ಸ್ವಾಮಿ," ಎಂದಳು. "ನಾಳೆ ಅನ್ನೋ ಹಾಗೇ ಇಲ್ಲ ಇದು."

ಎಲ್ಲಿಗೆ ಹೊರಟೆ ಎಂದು ಅವನು ಕೇಳಿದ್ದು ಬೆನ್ನಿಗೆ ಬಿತ್ತು.

ಲಿಫ್ಟು ರೋಗಿಗಳಿಗೆ, ಅವರ ಮನೆಯವರಿಗೆ, ಡಾಕ್ಟರುಗಳಿಗೆ. ಅದರ ಗುಂಡಿ ಒತ್ತುವವನನ್ನು ಎಲ್ಲರೂ ಗುಂಡಿಯಣ್ಣ ಎನ್ನುತ್ತಾರೆ. ಅವನು ಇವರನ್ನು ಕಂಡು ತೋಳು ಅಡ್ಡ ಇಟ್ಟ. ನನ್ನ ಅನ್ನಕ್ಕೆ ಕಲ್ಲು ಹಾಕಬೇಡ ಅಜ್ಜಿ ಎಂದ. ಸೊಸೆ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ನಿಂತಿದ್ದಳು. ಗುಂಡಿಯಣ್ಣ ಅವಳ ಕಣ್ಣು ನೋಡಿದ. ತೋಳು ತಾನಾಗಿ ಇಳಿಯಿತು. ಗೋಡೆಗೆ ಮುಖ ಮಾಡಿ ನಿಂತುಕೊಂಡ.

"ನಾನು ಯಾರನ್ನೂ ನೋಡಿಲ್ಲ. ಯಾವ ಮಹಡಿ ಅಂತ ಗೋಡೆಗೆ ಹೇಳು."

ದೊಡ್ಡ ಡಾಕ್ಟರ ಕೋಣೆಯ ಹೊರಗೆ ಮೆತ್ತನೆ ಕುರ್ಚಿಗಳ ಸಾಲು. ಅಜ್ಜಿ ಸೊಸೆಯನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿದಳು. ಪಕ್ಕದ ಹೆಂಗಸು ತನ್ನ ಕೈಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಮೂಗಿಗೆ ಬೆರಳು ಇಟ್ಟುಕೊಂಡಳು. ಆಮೇಲೆ ಎದ್ದೇ ಹೋದಳು. ಕೌಂಟರಿನ ಹುಡುಗಿ ಬಂದು, ನೀವು ಕೆಳಗಿನವರಲ್ವಾ, ಇದು ಪೇಷೆಂಟ್ ಕುರ್ಚಿ, ಎಬ್ಬಿಸಿ ಎಂದಳು. ಇವಳೂ ಪೇಷೆಂಟೇ ಎಂದಳು ಅಜ್ಜಿ. ಟೋಕನ್ ಎಲ್ಲಿ ಎಂದಳು ಹುಡುಗಿ. ಬೆಳಗ್ಗೆ ತಾನೇ ಒರೆಸಿದ ನೆಲದ ಮೇಲೆ ಅಜ್ಜಿ ನಡೆದುಕೊಂಡು ಹೋಗಿ ಪರದೆ ಸರಿಸಿದಳು. ಹಿಂದಿನಿಂದ ಒರೆಸಲು ನೂರಾರು ಸಲ ಸರಿಸಿದ್ದ ಪರದೆ. ಮುಂದಿನಿಂದ ಸರಿಸಿದ್ದು ಅದೇ ಮೊದಲು.

ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಯಾರಮ್ಮ ನೀವು? ಹೀಗೆ ನುಗ್ಗಬಾರದು."

ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ನಿಂತವರು. ಅಜ್ಜಿ ಅಂಗೈಯಿಂದ ತನ್ನ ಮೂಗು ಬಾಯಿ ಮುಚ್ಚಿಕೊಂಡಳು, ಥಿಯೇಟರಿನ ಮುಖಕವಚದ ಹಾಗೆ. ಕಣ್ಣು ಮಾತ್ರ ಉಳಿಯಿತು.

"ಓ, ನೀನಾ," ಎಂದರು ಡಾಕ್ಟರು. ನೀವು ನೀನಾಯಿತು.

ಅಜ್ಜಿ ಕೈ ತೆಗೆದು ಹೇಳತೊಡಗಿದಳು. ಅವರದೇ ಮಾತು, ಅವರದೇ ರಾಗ. ಬಲಗಡೆ ಪಕ್ಕೆಲುಬಿನ ಕೆಳಗೆ ಸಾರ್. ಕರಿದದ್ದು ಉಂಡ ಮೇಲೆ ಸಾರ್. ಬಲ ಹೆಗಲಿಗೆ ಎಳೆಯುತ್ತೆ. ನಿನ್ನೆ ಮಧ್ಯಾಹ್ನದಿಂದ ಬಿಟ್ಟಿಲ್ಲ. ಚಳಿಜ್ವರ. ಕಣ್ಣು ಹಳದಿ. ಒಂದಕ್ಕೆ ಕಪ್ಪು ಚಹಾ, ಎರಡಕ್ಕೆ ಬಿಳಿ ಮಣ್ಣು. ಹೇಳುತ್ತ ಹೇಳುತ್ತ ತನಗರಿವಿಲ್ಲದೆ ಬೆರಳು ಎತ್ತಿದಳು. "ನಾಳೆ ಅನ್ನಬೇಡಿ ಅಂತ ನೀವೇ ಹೇಳೋದು."

ಡಾಕ್ಟರು ಎದ್ದರು. ಅಷ್ಟು ಮಾತ್ರ ಅವರ ಪರವಾಗಿ ಹೇಳಬಹುದು, ಕೇಳಿದ ಕೂಡಲೇ ಎದ್ದರು. ಸೊಸೆಯನ್ನು ಒಳಗೆ ಮಲಗಿಸಿ ಪಕ್ಕೆಲುಬಿನ ಅಂಚಿಗೆ ಬೆರಳು ಒತ್ತಿ ಉಸಿರು ಎಳೆದುಕೋ ಎಂದರು. ಅರ್ಧ ಎಳೆದ ಉಸಿರು ಅಲ್ಲೇ ಕತ್ತರಿಸಿದ ಹಾಗೆ ನಿಂತಿತು. ಅರ್ಧ ಗಂಟೆಯಲ್ಲಿ ಸ್ಕ್ಯಾನಿಂಗ್ ಆಯಿತು. ಚೀಲದ ತುಂಬ ಕಲ್ಲು. ಒಂದು ಜಾರಿ ಪಿತ್ತ ಇಳಿಯುವ ನಾಳಕ್ಕೆ ಸಿಕ್ಕಿಕೊಂಡಿದೆ. ಕಟ್ಟಿಕೊಂಡ ಪಿತ್ತ ಕೊಳೆಯುತ್ತಿದೆ. ಇನ್ನೆರಡು ದಿನ ಬಿಟ್ಟಿದ್ದರೆ ನಂಜು ನೆತ್ತರಿಗೆ ಏರಿ ಕೈ ಮೀರುತ್ತಿತ್ತು ಎಂದರು. ಎರಡು ದಿನ ಎಂದರೆ ಗುರುವಾರ. ಅಜ್ಜಿ ಬೆರಳು ಮಡಿಸಿ ನೋಡಿಕೊಂಡಳು.

ಆಮೇಲೆ ಡಾಕ್ಟರು ಕೈ ತೊಳೆದುಕೊಳ್ಳುತ್ತ ಬೇಸರದಿಂದ ಒಂದು ಮಾತು ಕೇಳಿದರು.

"ಇಷ್ಟೆಲ್ಲ ಗೊತ್ತಿದ್ದೂ ಮೊದಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಯಾವ ಬಾಗಿಲಿಂದ ಸಾರ್?" ಎಂದಳು ಅಜ್ಜಿ.

ಡಾಕ್ಟರು ನೀರು ನಿಲ್ಲಿಸಿ ಟವೆಲಿಗೆ ಕೈ ಚಾಚಿದರು. ಟವೆಲು ಕೆಳಗೆ ಒಗೆದು ಬಂದದ್ದು. ಅದಕ್ಕೆ ಇನ್ನೂ ಬ್ಲೀಚಿಂಗ್ ವಾಸನೆ ಇತ್ತು. ಕೈ ಒರೆಸಿದರು.

ಅವತ್ತೇ ಸಂಜೆ ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆದರು. ಜ್ವರ ಇಳಿಯಲು ಮೂರು ದಿನ ಹಿಡಿಯಿತು. ಮುಂದಿನ ಮಂಗಳವಾರ ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ ಚೀಲವನ್ನೇ ತೆಗೆಯುವುದೆಂದಾಯಿತು. ಬಿಲ್ಲಿನ ಮಾತನ್ನೂ, ಅಜ್ಜಿ ನೇರ ಮೇಲೆ ಹೋದ ಮಾತನ್ನೂ ಆಸ್ಪತ್ರೆಯವರು ಎತ್ತಲಿಲ್ಲ. ಒಗೆಯುವ ಕೋಣೆಯ ಸುದ್ದಿ ಹೊರಗೆ ಹೋಗದಿದ್ದರೆ ಸಾಕಾಗಿತ್ತು ಅವರಿಗೆ.

ಮಂಗಳವಾರಕ್ಕೆ ಅಜ್ಜಿ ರಜೆ ಕೇಳಿದಳು. ಗುಳಿಗೆಪ್ಪ ಕೊಡಲಿಲ್ಲ. ಸೊಸೆ ಹೇಗೂ ಥಿಯೇಟರಲ್ಲೇ ಇರ್ತಾಳಲ್ಲ, ನೀನೂ ಅಲ್ಲೇ ಇರ್ತೀಯಲ್ಲ, ರಜೆ ಯಾಕೆ ಎಂದ. ಹಾಗಾಗಿ ಅವಳು ಮುಖಕವಚ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹಸಿರು ಬಟ್ಟೆಯ ಕೆಳಗೆ ಮಲಗಿದವಳು ಯಾರೆಂದು ಬಟ್ಟೆ ಹೇಳುತ್ತಿರಲಿಲ್ಲ. ಮಡಿಚಿದ ಕಡೆ ಇನ್ನೂ ನೆರಿಗೆ ಇತ್ತು. ಅದು ಸೊಸೆಯೇ ಮಡಿಚುತ್ತಿದ್ದ ರೀತಿ, ನಾಲ್ಕು ಮಡಿಕೆ, ಮೇಲೊಂದು ತಿರುವು. ಉಳಿದ ಹೆಂಗಸರೂ ಅವಳ ಹತ್ತಿರ ಕಲಿತು ಹಾಗೇ ಮಡಿಚುತ್ತಿದ್ದರು.

ಮುಕ್ಕಾಲು ಗಂಟೆಯಲ್ಲಿ ಚೀಲ ಹೊರಗೆ ಬಂತು. ಸೀಳಿದರು. ಬೇಸಿನ್ನಿಗೆ ಕಲ್ಲು ಬಿದ್ದ ಸದ್ದು ಅಜ್ಜಿಗೆ ಹೊಸದಲ್ಲ. ಬೇಸಿನ್ ಅವಳ ಕೈಗೆ ಬಂತು. ಮೆಣಸಿನ ಕಾಳಿನಂಥವು, ಬಟಾಣಿಯಂಥವು, ನಲವತ್ತಕ್ಕೂ ಮೇಲೆ. ಕೊಳೆತ ಪಿತ್ತದಲ್ಲಿ ಅರ್ಧ ಮುಳುಗಿ ಮಿನುಗುತ್ತಿದ್ದವು. ಮೇಲಿನವರ ಕಲ್ಲಿಗೂ ಇದಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ. ಅದೇ ಬಣ್ಣ, ಅದೇ ಲೋಳೆ, ಅದೇ ನಾತ.

ಸಿಸ್ಟರು ಅಭ್ಯಾಸದ ಹಾಗೆ ಬಾಟಲಿ ಚಾಚಿ, ತೊಳೆದು ಮನೆಯವರಿಗೆ ಕೊಟ್ಟುಬಿಡು ಎಂದಳು. ಬಾಗಿಲ ಆಚೆ ಗುಳಿಗೆಪ್ಪ ನಿಂತಿದ್ದ. ಡಾಕ್ಟರು ಹೊರಗೆ ಬಂದಾಗ ಒಂದು ನಮಸ್ಕಾರ ಹಾಕಿ ಮುಖ ತೋರಿಸಲು ಬಂದವನು. ಸಿಸ್ಟರ ಮಾತು ಕೇಳಿ ಅವನಿಗೆ ನಗು ಬಂತು.

"ತೊಳೆಯೋಳೂ ನೀನೇ, ಇಸ್ಕೊಳ್ಳೋಳೂ ನೀನೇ. ಕೆಲಸ ಸಲೀಸಾಯ್ತಲ್ಲ ಅಜ್ಜಿ."

ಅಜ್ಜಿ ಕೊಳಾಯಿಯ ತನಕ ಹೋದಳು. ಕೈ ತಿರುಪಿನ ಮೇಲೆ ಇತ್ತು. ತಿರುಗಿಸಲಿಲ್ಲ. ಹತ್ತೊಂಬತ್ತು ವರ್ಷ ಲೋಕದವರ ಹೊಲಸು ತೊಳೆದು ಬಾಟಲಿಗೆ ಹಾಕಿ ಚಂದ ಮಾಡಿ ಕೊಟ್ಟಿದ್ದಾಯಿತು. ಇದನ್ನೂ ಚಂದ ಮಾಡಬೇಕೇ. ತಳದ ಊಟ, ಮೊಳೆಯ ಕೀಲಿ, ಹಳದಿ ಬಲ್ಬು, ಉಗುರು ಅಂಟಿದ ಗುಳಿಗೆ, ಎಲ್ಲವೂ ಸೇರಿ ಗಟ್ಟಿಯಾದದ್ದು ಇದು. ಇದು ತೊಳೆಯುವ ವಸ್ತುವಲ್ಲ. ಬೇಸಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲು ದಾಟಿದಳು.

ಹಿಂದಿನ ಮೆಟ್ಟಿಲು ಇಳಿದಳು. ತುಳುಕದ ಹಾಗೆ, ನಿಧಾನ. ಅವಳಿಗೆ ಯಾವತ್ತೂ ಅವಸರವಿಲ್ಲ. ಗುಳಿಗೆಪ್ಪ ಏನು, ಎಲ್ಲಿಗೆ, ಏ ಎನ್ನುತ್ತ ಹಿಂದೆ ಬಂದ. ಒಗೆಯುವ ಕೋಣೆಯ ಹೆಂಗಸರು ಮೂಟೆ ಬಿಟ್ಟು ನಿಂತರು. ಅಜ್ಜಿ ಅವನ ಕೋಣೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದಳು. ಬೇಸಿನ್ನನ್ನು ಅದರ ಬಾಯಿಗೆ ಬಗ್ಗಿಸಿದಳು. ಕಲ್ಲುಗಳು ಗುಲಾಬಿ ಗುಳಿಗೆಗಳ ನಡುವೆ ಇಳಿದವು. ಹಸಿರು ಪಿತ್ತ ಗುಳಿಗೆಗಳ ಬಣ್ಣ ಎಳೆದುಕೊಂಡು ಗಾಜಿನ ಗುಂಟ ಕಂದು ಗೆರೆಯಾಗಿ ಇಳಿಯಿತು. ಕೋಣೆ ನಾರಿತು. ಗುಳಿಗೆಪ್ಪ ತೋಳಿನಿಂದ ಮೂಗು ಮುಚ್ಚಿಕೊಂಡ. ಅವನಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರಾಡಿತು.

ಅಜ್ಜಿ ಮುಖಕವಚ ಕೆಳಗೆ ಎಳೆದಳು. ಯಾವತ್ತೂ ನೀವು ಎಂದು ಕರೆದವನನ್ನು ನೀನು ಎಂದಳು.

"ಇಗೋ ನಿನ್ನ ಗ್ಯಾಸು. ಮುಟ್ಟಿ ನೋಡು."

"ತಲೆ ಕೆಟ್ಟಿದೆಯಾ ನಿಂಗೆ? ತೊಳಿ ಅದನ್ನ. ಈಗ ತೊಳಿ."

"ನೀನು ತೊಳಿ."

ದನಿ ಏರಲಿಲ್ಲ. ಬೇಸಿನ್ನನ್ನು ಅವನ ಕುರ್ಚಿಯ ಮೇಲೆ ಬೋರಲು ಹಾಕಿದಳು. ಮೊಳೆಯಿಂದ ಕಕ್ಕಸಿನ ಕೀಲಿ ತೆಗೆದು ಬಾಗಿಲಲ್ಲಿ ನಿಂತ ಹೆಂಗಸರಲ್ಲಿ ಮೊದಲನೆಯವಳ ಕೈಗೆ ಕೊಟ್ಟಳು. ಅವಳು ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳೋ, ಓಡಿದಳು. ಆ ಹೊತ್ತಿನಲ್ಲೂ ಹೆಂಗಸರಿಗೆ ನಗು ಬಂತು.

ಬುಧವಾರ ಬೆಳಗ್ಗೆ ಅಜ್ಜಿಗೆ ಕೆಲಸವಿಲ್ಲ ಎಂದು ಹೇಳಿ ಕಳಿಸಿದರು. ಕಾಗದ ಕೊಡಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ಗುಂಡಿಯಣ್ಣನ ಬಾಯಲ್ಲಿ ಒಂದು ಮಾತು ಬಂತು, ಅಷ್ಟೇ. ಹೇಳುವಾಗ ಅವನು ಗೋಡೆಯನ್ನೇ ನೋಡುತ್ತಿದ್ದ. ಅಜ್ಜಿ ಮನೆಗೆ ಹೋಗಲಿಲ್ಲ. ಸೊಸೆ ಮೇಲೆ ವಾರ್ಡಿನಲ್ಲಿದ್ದಳು. ಎರಡನೇ ಮಹಡಿಯ ತಿರುವಿನ ಕಿಟಕಿಯ ಕೆಳಗೆ, ಬಿಸಿಲಿನಲ್ಲಿ, ಮೆಟ್ಟಿಲ ಮೇಲೆ ಕೂತಳು. ಮೂಟೆ ಹೊತ್ತು ಬಂದ ಹೆಂಗಸರು ಒಬ್ಬೊಬ್ಬರೇ ಅವಳ ಮುಂದೆ ಮೂಟೆ ಇಳಿಸಿದರು. ಅಜ್ಜಿ ರೆಪ್ಪೆ ಎಳೆದು ನೋಡಿದಳು. ಬಣ್ಣ ಕೇಳಿದಳು. ಹೆಂಗಸರು ಮೊದಲು ನಾಚಿದರು, ಆಮೇಲೆ ನಾಚಿಕೆ ಬಿಟ್ಟರು. ಹೊಟ್ಟೆನೋವೇನೂ ಇಲ್ಲ ಅಜ್ಜಿ, ಬರೀ ಬಲ ಹೆಗಲು ನೋವು ಎಂದಳು ಇಸ್ತ್ರಿಯವಳು.

"ಹೊತ್ತ ಮೇಲಾ, ಉಂಡ ಮೇಲಾ?"

"ಹೊತ್ತ ಮೇಲೆ."

"ಹಾಗಾದ್ರೆ ಹೆಗಲದ್ದೇ. ಎಣ್ಣೆ ತಿಕ್ಕು."

ಡ್ರಮ್ಮಿನ ಹತ್ತಿರ ಕೆಲಸ ಮಾಡುವವಳು, ನಂಗೆ ಹೊರದಿದ್ರೂ ಬರುತ್ತೆ, ಉಂಡ್ರೆ ಮಾತ್ರ ಎಂದಳು. ಬಿಸಿಲಿಗೆ ಅವಳ ಕಣ್ಣು ಬೆಳ್ಳಗೇ ಇತ್ತು. ಜ್ವರವಿರಲಿಲ್ಲ. ಇನ್ನೂ ಹೊತ್ತು ಮೀರಿಲ್ಲ ಎಂದಳು ಅಜ್ಜಿ. ಆದ್ರೆ ಹೊತ್ತು ಮೀರೋ ತನಕ ಕಾಯ್ಬೇಡ. ಕೆಳಗೆ ಹೋಗ್ಬೇಡ. ಮೇಲೆ ಹೋಗು.

ಮರುದಿನ ಮಧ್ಯಾಹ್ನ ಕೆಲಸದವರ ಡಾಕ್ಟರು ಬಂದು ನೆಲಮಾಳಿಗೆಯಲ್ಲಿ ತಮ್ಮ ಕುರ್ಚಿಯಲ್ಲಿ ಕೂತರು. ಒಂದು ಗಂಟೆ ಕೂತರು. ಬೆಂಚು ಖಾಲಿ ಇತ್ತು. ಚೀಟಿ ಬರೆಸಿಕೊಳ್ಳಲು ಯಾರೂ ಬಂದಿರಲಿಲ್ಲ. ಮೇಲೆ ದೊಡ್ಡ ಡಾಕ್ಟರ ಕೋಣೆಯ ಹೊರಗೆ ಮೆತ್ತನೆ ಕುರ್ಚಿಗಳಲ್ಲಿ ನೀಲಿ ಸಮವಸ್ತ್ರದ ಮೂವರು ಹೆಂಗಸರು ಕೂತಿದ್ದರು, ಕೈಯಲ್ಲಿ ಟೋಕನ್. ಕೌಂಟರಿನ ಹುಡುಗಿ ಅವರನ್ನು ಎಬ್ಬಿಸಲು ಎರಡು ಸಲ ಬಂದು ಎರಡು ಸಲವೂ ವಾಪಸು ಹೋದಳು.

ಗುಳಿಗೆಪ್ಪ ಎಲ್ಲಿಗೂ ಹೋಗಲಿಲ್ಲ. ಅವನಿಗೆ ಹೊಸ ಡಬ್ಬಿ ಬಂತು.

ಹೋದವರು ಇಬ್ಬರು. ಸೊಸೆ ಹೊಟ್ಟೆಗೆ ಅಂಗೈ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಮುಂದೆ, ಅತ್ತೆ ಅವಳ ಬಟ್ಟೆಯ ಗಂಟು ಹಿಡಿದು ಹಿಂದೆ. ಲಿಫ್ಟಿನಲ್ಲಿ ಇಳಿದರು. ಮುಂದಿನ ಬಾಗಿಲಿಂದ ಹೊರಗೆ ಬಂದರು. ಬಿಸಿಲಿತ್ತು. ಅವತ್ತು ಗುರುವಾರ.